ಅಮ್ಮನ ಇನ್ಸುಲಿನ್ ಸೂಜಿ ಎಲ್ಲಿ ಹಾಕಬೇಕು? ಮನೆ ಮತ್ತು ಆಸ್ಪತ್ರೆಯ ವೈದ್ಯಕೀಯ ಕಸದ ಬಗ್ಗೆ ಚರ್ಚೆ

ನೀಲಿಕೊಡೆ (ಬೆಳಿಗ್ಗೆ 9:12)

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಗಾಬರಿಯಲ್ಲೇ ಬರೀತಿದ್ದೀನಿ, ತಪ್ಪಿದ್ದರೆ ತಿದ್ದಿ.

ಅಮ್ಮನಿಗೆ ಎಂಟು ತಿಂಗಳಿಂದ ಇನ್ಸುಲಿನ್ ನಡೀತಿದೆ. ದಿನಕ್ಕೆ ನಾಲ್ಕು ಸಲ ಪೆನ್ನಿನಲ್ಲಿ ಚುಚ್ಚಿಕೊಳ್ಳೋದು, ಮೂರು ಸಲ ಬೆರಳಿಗೆ ಚುಚ್ಚಿ ಸಕ್ಕರೆ ನೋಡೋದು. ದಿನಕ್ಕೆ ಏಳು ಮೊನೆ, ತಿಂಗಳಿಗೆ 210. ಇಷ್ಟು ದಿನ ಅವನ್ನೆಲ್ಲ ಹಳೇ ಪೇಪರಿನಲ್ಲಿ ಸುತ್ತಿ ಒಣ ಕಸಕ್ಕೆ ಹಾಕ್ತಿದ್ದೆ. ಸುತ್ತಿದೀನಲ್ಲ, ಇನ್ನೇನು ಅಂದ್ಕೊಂಡಿದ್ದೆ.

ನಿನ್ನೆ ಬೆಳಿಗ್ಗೆ ಕಸ ಒಯ್ಯೋ ಅಕ್ಕ ನಮ್ಮ ಚೀಲ ಬಿಚ್ಚಿ ಪ್ಲಾಸ್ಟಿಕ್ ಬೇರೆ ಮಾಡ್ತಿದ್ದವರು ತಟ್ಟನೆ ಕೈ ಹಿಂದಕ್ಕೆಳೆದುಕೊಂಡ್ರು. ತೋರುಬೆರಳಿನ ತುದೀಲಿ ಒಂದು ಚುಕ್ಕೆ ರಕ್ತ. ಬೆರಳನ್ನ ಬಾಯಲ್ಲಿಟ್ಟು ಚೀಪಿ, ಬಟ್ಟೆಗೆ ಒರೆಸಿಕೊಂಡು, ಮತ್ತೆ ಅದೇ ಚೀಲಕ್ಕೆ ಕೈ ಹಾಕಿದ್ರು. "ದಿನಾ ಇದ್ದಿದ್ದೇ ಬಿಡಮ್ಮ" ಅಂದ್ರು. ನನಗೆ ಮಾತೇ ಹೊರಡಲಿಲ್ಲ. ಆ ಸೂಜಿ ನಮ್ಮ ಮನೇದು.

ಸೂಜಿಗಳನ್ನ ಇನ್ಮುಂದೆ ಎಲ್ಲಿ ಹಾಕಲಿ? ಆ ಅಕ್ಕನ ವಿಷಯದಲ್ಲಿ ಈಗ ನಾನೇನು ಮಾಡ್ಬೇಕು?

ವಾರ್ಡ್_ಏಳು (ಬೆಳಿಗ್ಗೆ 9:31)

ಎರಡನೇ ಪ್ರಶ್ನೆ ಮೊದಲು. ಡಬ್ಬಿ ವಿಚಾರ ಸಂಜೆ ಮಾತಾಡೋಣ, ಆ ಅಕ್ಕನನ್ನ ಈಗಲೇ ಹುಡುಕಿ ಡಾಕ್ಟರ ಹತ್ತಿರ ಕರ್ಕೊಂಡು ಹೋಗಿ. ನಾನು ಇಪ್ಪತ್ತೆರಡು ವರ್ಷದಿಂದ ನರ್ಸ್, ಈ ಮಾತನ್ನ ಸುಮ್ಮನೆ ಹೇಳ್ತಿಲ್ಲ.

ಸೋಂಕಿರುವ ರೋಗಿಗೆ ಬಳಸಿದ ಸೂಜಿ ಒಂದು ಸಲ ಚುಚ್ಚಿದರೆ, ಲಸಿಕೆ ಆಗದವರಿಗೆ ಹೆಪಟೈಟಿಸ್ ಬಿ ತಗಲುವ ಸಾಧ್ಯತೆ ಶೇ 30ರವರೆಗೂ ಇದೆ. ಹೆಪಟೈಟಿಸ್ ಸಿಗೆ ಶೇ 1.8, ಎಚ್‌ಐವಿಗೆ ಶೇ 0.3. ಇವು ವಿಶ್ವ ಆರೋಗ್ಯ ಸಂಸ್ಥೆ ಹೇಳೋ ಅಂಕಿ. ಇನ್ಸುಲಿನ್ ಪೆನ್ನಿನ ಸೂಜಿ ತೀರಾ ಸಣ್ಣದು, ರಕ್ತನಾಳಕ್ಕೆ ಹೋಗಲ್ಲ, ಹಾಗಾಗಿ ಅಪಾಯ ಇದಕ್ಕಿಂತ ಕಡಿಮೆ. ಆದರೆ ಚುಚ್ಚಿದ್ದು ನಿಮ್ಮ ಮನೆ ಸೂಜಿಯೇ ಅಂತ ಖಚಿತ ಇದೆಯಾ? ಚೀಲದಿಂದ ಚೀಲಕ್ಕೆ ಕೈ ಹೋಗುತ್ತೆ. ಹೆಪಟೈಟಿಸ್ ಬಿ ವೈರಸ್ ದೇಹದಿಂದ ಹೊರಗೆ, ಒಣಗಿದ ರಕ್ತದಲ್ಲೂ ಏಳು ದಿನ ಬದುಕಿರುತ್ತೆ.

ಎಚ್‌ಐವಿ ತಡೆಯೋ ಮಾತ್ರೆ ಬೇಕು ಅಂತ ಡಾಕ್ಟರಿಗೆ ಅನಿಸಿದರೆ 72 ಗಂಟೆಯೊಳಗೆ ಶುರುವಾಗಬೇಕು, ಎಷ್ಟು ಬೇಗ ಆದರೆ ಅಷ್ಟು ಒಳ್ಳೇದು. ನಿಮಗೆ ಈಗಾಗಲೇ ಒಂದು ದಿನ ಹೋಗಿದೆ. ಹೆಪಟೈಟಿಸ್ ಬಿ ಲಸಿಕೆ ಆಗಿಲ್ಲದಿದ್ದರೆ ಅದನ್ನೂ ಇವತ್ತೇ ಕೊಡ್ತಾರೆ. ಅಮ್ಮ ಒಪ್ಪಿದರೆ ಅವರ ರಕ್ತವನ್ನೂ ಪರೀಕ್ಷೆ ಮಾಡಿಸಿ, ಎಷ್ಟೋ ಆತಂಕ ಅಲ್ಲೇ ಮುಗಿಯುತ್ತೆ.

ಓದ್ತಿರೋ ಬೇರೆಯವರಿಗೆ: ಚುಚ್ಚಿದ ತಕ್ಷಣ ಹರಿಯೋ ನೀರಲ್ಲಿ ಸೋಪು ಹಚ್ಚಿ ತೊಳೀಬೇಕು. ಬಾಯಲ್ಲಿಡಬಾರದು, ಹಿಂಡಿ ರಕ್ತ ತೆಗೀಬಾರದು, ಬ್ಲೀಚ್ ಸುರೀಬಾರದು.

ನೀಲಿಕೊಡೆ (ಬೆಳಿಗ್ಗೆ 9:40)

ಹೊರಟೆ. ಧನ್ಯವಾದ ಸಿಸ್ಟರ್.

ಗುಳಿಗೆಡಬ್ಬಿ (ಬೆಳಿಗ್ಗೆ 10:05)

ನಾನು ಔಷಧಿ ಅಂಗಡಿ ನೋಡ್ಕೊಳ್ಳೋನು. ಅವರು ವಾಪಸ್ ಬಂದು ಓದಲಿ ಅಂತ ಡಬ್ಬಿ ವಿಚಾರ ಬರೆದಿಡ್ತೀನಿ.

ಬಳಸಿದ ಸೂಜಿ ಹಾಕೋಕೆ ಅಂತಲೇ ಮಾಡಿದ ಶಾರ್ಪ್ಸ್ ಡಬ್ಬಿ ಸಿಕ್ಕರೆ ಅದೇ ಸರಿ. ಸಿಗದಿದ್ದರೆ ಬಟ್ಟೆ ಒಗೆಯೋ ಲಿಕ್ವಿಡ್ ಬರುತ್ತಲ್ಲ, ಆ ದಪ್ಪ ಪ್ಲಾಸ್ಟಿಕ್ ಡಬ್ಬ, ತಿರುಗಿಸಿ ಮುಚ್ಚೋ ಮುಚ್ಚಳ ಇರೋದು. ಕುಡಿಯೋ ನೀರಿನ ಬಾಟಲಿ ಬೇಡ, ಅದರ ಗೋಡೆ ತೆಳು, ಒತ್ತಿದರೆ ಸೂಜಿ ಆಚೆ ಬರುತ್ತೆ. ಗಾಜು ಬೇಡ, ಬಿದ್ದರೆ ಗಾಜು ಮತ್ತು ಸೂಜಿ ಎರಡೂ ಹರಡುತ್ತೆ. ಪೆನ್ ಸೂಜಿಯನ್ನ ಬಿಚ್ಚಿ ನೇರವಾಗಿ ಡಬ್ಬಕ್ಕೆ ಹಾಕಿ. ಮುಕ್ಕಾಲು ತುಂಬಿದ ಮೇಲೆ ಮುಚ್ಚಳ ಬಿಗಿದು, ಟೇಪ್ ಸುತ್ತಿ, ಮೇಲೆ "ಬಳಸಿದ ಸೂಜಿ, ತೆರೆಯಬೇಡಿ" ಅಂತ ಬರೆದು, ಹತ್ತಿರದ ಆರೋಗ್ಯ ಕೇಂದ್ರದಲ್ಲೋ ಔಷಧಿ ಅಂಗಡಿಯಲ್ಲೋ ತಗೋತಾರಾ ಕೇಳಿ. ಮರುಬಳಕೆ ಆಗೋ ಪ್ಲಾಸ್ಟಿಕ್ ಜೊತೆ ಮಾತ್ರ ಯಾವತ್ತೂ ಕೊಡಬೇಡಿ. ಅದನ್ನ ಕೈಯಿಂದಲೇ ಬೇರೆ ಮಾಡ್ತಾರೆ, ನಿನ್ನೆ ಆಗಿದ್ದೂ ಅದೇ.

ಅವಧಿ ಮುಗಿದ ಮಾತ್ರೆಗಳನ್ನ ಸಿಂಕಿಗೋ ಟಾಯ್ಲೆಟ್ಟಿಗೋ ಹಾಕೋ ಅಭ್ಯಾಸ ಬಹಳ ಮನೆಗಳಲ್ಲಿದೆ. ಕೊಳಚೆ ನೀರು ಶುದ್ಧ ಮಾಡೋ ಘಟಕಗಳನ್ನ ಔಷಧದ ಅಂಶ ತೆಗೆಯೋಕೆ ಅಂತ ಕಟ್ಟಿರಲ್ಲ. ಆಂಟಿಬಯೋಟಿಕ್ಕು, ಹಾರ್ಮೋನು ಹಾಗೇ ನದಿಗೆ ಹೋಗುತ್ತೆ, ಅಲ್ಲಿನ ಬ್ಯಾಕ್ಟೀರಿಯಾ ಆಂಟಿಬಯೋಟಿಕ್ಕಿಗೆ ಪಳಗುತ್ತೆ. ವಾಪಸ್ ತಗೊಳ್ಳೋ ಅಂಗಡಿ ಇದ್ದರೆ ಅಲ್ಲಿಗೆ ಕೊಡಿ. ಇಲ್ಲದಿದ್ದರೆ ಪಟ್ಟಿಯಿಂದ ಬಿಡಿಸಿ, ಮಣ್ಣು ಅಥವಾ ಮರದ ಪುಡಿ ಜೊತೆ ಕಲಸಿ, ಯಾರೂ ಆಯ್ದು ತಿನ್ನೋಕೆ ಆಗದ ಹಾಗೆ ಮುಚ್ಚಿದ ಚೀಲದಲ್ಲಿ ಹಾಕೋದು ಎರಡನೇ ದಾರಿ. ಕ್ಯಾನ್ಸರ್ ಮಾತ್ರೆಗೆ ಇದು ಅನ್ವಯಿಸಲ್ಲ, ಅದನ್ನ ಕೊಟ್ಟ ಆಸ್ಪತ್ರೆಗೇ ಹಿಂದಿರುಗಿಸಬೇಕು. ನೋವಿಗೆ ಅಂಟಿಸೋ ಫೆಂಟನಿಲ್ ಪಟ್ಟಿ ಮನೇಲಿದ್ದರೆ ಇನ್ನೂ ಹುಷಾರು. ಬಳಸಿ ತೆಗೆದ ಪಟ್ಟಿಯಲ್ಲೂ ಒಂದು ಮಗುವಿನ ಉಸಿರು ನಿಲ್ಲಿಸುವಷ್ಟು ಔಷಧ ಉಳಿದಿರುತ್ತೆ. ಅಂಟು ಭಾಗ ಒಳಗೆ ಬರೋ ಹಾಗೆ ಮಡಚಿ, ಅದನ್ನ ಏನು ಮಾಡಬೇಕು ಅಂತ ಕೊಟ್ಟವರನ್ನೇ ಕೇಳಿ.

ಓದುಗ_ಮಾತ್ರ (ಬೆಳಿಗ್ಗೆ 11:20)

ಮನೆಯವರು ಜಾಗ್ರತೆ ಮಾಡಬೇಕು ನಿಜ. ಆದರೆ ಒಂದು ಮನೆಯ ಸೂಜಿ ಎಲ್ಲಿ, ಟನ್‌ಗಟ್ಟಲೆ ಕಸ ಹೊರಹಾಕೋ ಆಸ್ಪತ್ರೆಗಳೆಲ್ಲಿ? ಅಷ್ಟು ಅಪಾಯದ ಕಸ ಅಂದಮೇಲೆ ಬೇರೆ ಮಾಡೋ ರಗಳೆಯೇ ಬೇಡ, ಎಲ್ಲವನ್ನೂ ಒಟ್ಟಿಗೆ ಸುಟ್ಟುಬಿಟ್ಟರೆ ಆಗಲ್ವಾ? ಬೂದಿ ಆದ ಮೇಲೆ ಯಾವ ರೋಗಾಣು ಉಳಿಯುತ್ತೆ?

ಚಿಮಣಿ_ಕೆಳಗೆ (ಬೆಳಿಗ್ಗೆ 11:58)

ನಾನು ದಿನಾ ಮಾಡೋ ಕೆಲಸವೇ ಅದು, ಇನ್ಸಿನರೇಟರ್ ಅಂದರೆ ಕಸ ಸುಡೋ ಯಂತ್ರ ನಡೆಸೋದು. ರೋಗಾಣು ಉಳಿಯಲ್ಲ, ಅಷ್ಟು ಮಟ್ಟಿಗೆ ನೀವು ಹೇಳಿದ್ದು ಸರಿ. ಉಳಿಯೋದು ಬೇರೆ.

ಆಸ್ಪತ್ರೆ ಕಸದಲ್ಲಿ ಸುಮಾರು ಶೇ 85ರಷ್ಟು ಮಾಮೂಲಿ ಕಸ. ಕಾಗದ, ರಟ್ಟು, ಊಟದ ಉಳಿಕೆ, ಔಷಧಿ ಬಂದ ಪೊಟ್ಟಣ. ಅಪಾಯದ್ದು ಶೇ 15 ಅಷ್ಟೇ. ಈ ಎರಡನ್ನೂ ಒಂದೇ ಚೀಲಕ್ಕೆ ಹಾಕಿದ ಗಳಿಗೆಗೆ ನೂರಕ್ಕೆ ನೂರೂ ಅಪಾಯದ ಕಸವಾಯ್ತು. 15 ಕಿಲೋ ಸುಡೋ ಜಾಗದಲ್ಲಿ 100 ಕಿಲೋ ಸುಡಬೇಕು. ಅದರಲ್ಲಿ ಒದ್ದೆ ಕಸ ಬಂದರೆ ಒಳಗಿನ ಶಾಖ ಕುಸಿಯುತ್ತೆ, ಬೆಂಕಿ ಹಿಡಿದಿಟ್ಟುಕೊಳ್ಳೋಕೆ ಇನ್ನಷ್ಟು ಇಂಧನ ಸುರೀಬೇಕು.

ಇನ್ನು ಪಿವಿಸಿ ಅನ್ನೋ ಪ್ಲಾಸ್ಟಿಕ್. ರಕ್ತದ ಚೀಲ, ಡ್ರಿಪ್ ಪೈಪು, ಕೆಲವು ಗ್ಲೌಸು ಎಲ್ಲ ಅದರಿಂದಲೇ ಮಾಡೋದು. ಅದರಲ್ಲಿ ಕ್ಲೋರಿನ್ ಇದೆ. ಸರಿಯಾಗಿ ಉರಿಯದೆ ಹೋದರೆ ಡಯಾಕ್ಸಿನ್, ಫ್ಯೂರಾನ್ ಹುಟ್ಟುತ್ತವೆ. ಕ್ಯಾನ್ಸರ್ ತರೋ ವಸ್ತು, ಗಾಳಿಯಿಂದ ಹುಲ್ಲಿಗೆ, ಹುಲ್ಲಿನಿಂದ ಹಸುವಿನ ಹಾಲಿಗೆ, ಹಾಲಿನಿಂದ ನಮ್ಮ ಕೊಬ್ಬಿಗೆ ಬಂದು ವರ್ಷಗಟ್ಟಲೆ ಕೂರುತ್ತೆ. ಇದನ್ನ ಒಡೆಯೋಕೆ ಯಂತ್ರದಲ್ಲಿ ಹೊಗೆ ಸುಡೋ ಎರಡನೇ ಕೋಣೇಲಿ ಕನಿಷ್ಠ 850 ಡಿಗ್ರಿ, ಕ್ಲೋರಿನ್ ಜಾಸ್ತಿ ಇದ್ದರೆ 1,100 ಡಿಗ್ರಿ ಬೇಕು. ಹೊಗೆ ಅಲ್ಲಿ ಎರಡು ಸೆಕೆಂಡಾದರೂ ನಿಲ್ಲಬೇಕು. ಅಷ್ಟಕ್ಕೇ ಮುಗೀಲಿಲ್ಲ. ಹೊಗೆ ತಣ್ಣಗಾಗುವಾಗ 450ರಿಂದ 250 ಡಿಗ್ರಿ ನಡುವೆ ನಿಧಾನವಾಗಿ ಇಳಿದರೆ ಒಡೆದು ಹೋದ ಡಯಾಕ್ಸಿನ್ ಮತ್ತೆ ಕಟ್ಟಿಕೊಳ್ಳುತ್ತೆ. ಅದಕ್ಕೇ ನೀರು ಚಿಮುಕಿಸಿ ಗಬಕ್ಕನೆ ತಣಿಸೋದು. ಇಂಥ ವಿಷವಸ್ತುಗಳ ತಡೆಗೆ ದೇಶಗಳು ಮಾಡ್ಕೊಂಡ 2001ರ ಸ್ಟಾಕ್‌ಹೋಮ್ ಒಪ್ಪಂದ ಡಯಾಕ್ಸಿನ್ ಹುಟ್ಟಿಸೋ ಮೂಲಗಳ ಪಟ್ಟಿಯಲ್ಲಿ ವೈದ್ಯಕೀಯ ಕಸ ಸುಡೋ ಯಂತ್ರಗಳನ್ನ ಹೆಸರಿಸಿಯೇ ಹೇಳಿದೆ.

ಆಸ್ಪತ್ರೆ ಹಿತ್ತಿಲಲ್ಲಿ ಡ್ರಮ್ಮಿನೊಳಗೆ ಕಡ್ಡಿ ಗೀರಿ ಹಾಕೋರಿಗೆ ಇದರಲ್ಲಿ ಯಾವುದಾದರೂ ಒಂದು ಸಾಧ್ಯಾನಾ ಹೇಳಿ.

ಅಂಗಾಂಶ, ಕತ್ತರಿಸಿ ತೆಗೆದ ಭಾಗ, ಕ್ಯಾನ್ಸರ್ ಔಷಧ ಇವಕ್ಕೆ ನನ್ನ ಯಂತ್ರ ಬೇಕು. ಬೇರೆಲ್ಲ ನನ್ನ ತನಕ ಬರಬಾರದು.

ಹಬೆಗೂಡು (ಮಧ್ಯಾಹ್ನ 12:40)

ಚಿಮಣಿ ಸರ್ ಹೇಳಿದ "ಬೇರೆಲ್ಲ" ನನ್ನ ಹತ್ತಿರ ಬರುತ್ತೆ. ಆಟೋಕ್ಲೇವ್. ಮನೇಲಿ ಕುಕ್ಕರ್ ಹೇಗೋ ಹಾಗೇ, ಒತ್ತಡದ ಹಬೆ. 121 ಡಿಗ್ರಿ, ವಾತಾವರಣದ ಒತ್ತಡದ ಮೇಲೆ ಇನ್ನೊಂದು ಅಷ್ಟೇ ಒತ್ತಡ, ಕಸಕ್ಕಾದರೆ ಕನಿಷ್ಠ ಅರ್ಧ ಗಂಟೆಯಿಂದ ಒಂದು ಗಂಟೆ. ಹೊಗೆ ಇಲ್ಲ, ಡಯಾಕ್ಸಿನ್ ಇಲ್ಲ. ಆಮೇಲೆ ಶ್ರೆಡ್ಡರ್‌ನಲ್ಲಿ ಚೂರು ಮಾಡ್ತೀವಿ, ಯಾರೂ ಆ ಸಿರಿಂಜನ್ನ ತೊಳೆದು ಮತ್ತೆ ಮಾರಬಾರದು ಅಂತ. ಆ ಪ್ಲಾಸ್ಟಿಕ್ ಚೂರು ಮರುಬಳಕೆಗೆ ಹೋಗುತ್ತೆ.

ಆದರೆ ಹಬೆ ಮುಟ್ಟಿದ ಕಡೆ ಮಾತ್ರ ಕೆಲಸ. ಚೀಲಕ್ಕೆ ಗಂಟು ಬಿಗಿದು ಒಳಗೆ ಗಾಳಿ ಉಳಿದಿದ್ದರೆ ನಡುವಿನ ಕಸಕ್ಕೆ ಹಬೆಯೇ ತಲುಪಲ್ಲ. ಮೀಟರು 121 ತೋರಿಸ್ತಿರುತ್ತೆ, ಚೀಲದ ಹೊಟ್ಟೆ ಮಾತ್ರ ಬರೀ ಬೆಚ್ಚಗೆ. ಅದಕ್ಕೇ ಮೊದಲು ಪಂಪ್ ಹಾಕಿ ಗಾಳಿ ಎಳೆದು ಆಮೇಲೆ ಹಬೆ ಬಿಡೋ ಯಂತ್ರಗಳು ಬೇಕು, ಕಸವನ್ನ ಒತ್ತಿ ತುಂಬಬಾರದು.

ನನ್ನ ದೊಡ್ಡ ಭಯ ಅಂದ್ರೆ ತಪ್ಪಾಗಿ ಬರೋ ವಸ್ತು. ಕ್ಯಾನ್ಸರ್ ಔಷಧದ ಸೀಸೆ ಅಥವಾ ಪಾದರಸ ಹಬೆಗೆ ಬಂದರೆ ಶುದ್ಧವಾಗಲ್ಲ, ಆವಿಯಾಗಿ ನಮ್ಮ ಮೂಗಿಗೆ ಬರುತ್ತೆ. ಚೀಲದ ಬಣ್ಣ ನೋಡಿ ನಾನು ಯಂತ್ರಕ್ಕೆ ಹಾಕ್ತೀನಿ, ಬಿಚ್ಚಿ ನೋಡೋ ಹಾಗಿಲ್ಲ. ಬಣ್ಣ ದೇಶದಿಂದ ದೇಶಕ್ಕೆ ಬೇರೆ ಇರುತ್ತೆ, ಇರಲಿ. ವಾರ್ಡಿನಲ್ಲಿ ಚೀಲ ತುಂಬಿದವರು ಆ ಬಣ್ಣಕ್ಕೆ ಕೊಟ್ಟ ಮಾತಿನ ಮೇಲೆ ನಾನು ಉಸಿರಾಡ್ತಿದ್ದೀನಿ.

ಮುಂಜಾವು (ಮಧ್ಯಾಹ್ನ 1:15)

ಎಲ್ಲರೂ ಯಂತ್ರದ ಮಾತಾಡ್ತಿದೀರಿ. ವಾರ್ಡಿನಿಂದ ಯಂತ್ರದ ತನಕ ಚೀಲ ಎತ್ಕೊಂಡು ಹೋಗೋರು ನಾವು. ನಾನು ಹೌಸ್‌ಕೀಪಿಂಗ್ ಕೆಲಸದವಳು, ಈಗ ಹದಿನಾಲ್ಕು ಜನರ ಮೇಲ್ವಿಚಾರಣೆ ನೋಡ್ಕೋತೀನಿ.

ಮೂರು ವರ್ಷದ ಹಿಂದಿನ ಮಾತು. ಆಸ್ಪತ್ರೆ ಹೆಸರು ಬೇಡ. ನಮ್ಮ ಹುಡುಗಿ ಒಬ್ಬಳು, ಕೆಲಸಕ್ಕೆ ಸೇರಿ ಎರಡು ವಾರ ಆಗಿತ್ತು. ಚೀಲ ಪೂರ್ತಿ ತುಂಬಿತ್ತು, ಕುತ್ತಿಗೆ ಹಿಡಿದು ಎತ್ತೋಕೆ ಜಾಗ ಇರಲಿಲ್ಲ. ಕೆಳಗೆ ಒಂದು ಕೈ ಕೊಟ್ಟು, ತೊಡೆಗೆ ಆನಿಸಿಕೊಂಡು ಎತ್ತಿದಳು. ಹತ್ತಿ, ಬ್ಯಾಂಡೇಜಿಗೆ ಅಂತ ಇಟ್ಟ ಚೀಲ ಅದು, ಅದರಲ್ಲಿ ಸೂಜಿ ಇರಲೇಬಾರದಿತ್ತು. ತೊಡೆಗೆ ಚುಚ್ಚಿತು. ಯಾವ ರೋಗಿಯ ಸೂಜಿ ಅಂತ ಹೇಳೋರು ಯಾರು? ಮೂವತ್ತು ಹಾಸಿಗೆಯ ಕಸ ಅದರಲ್ಲಿತ್ತು.

28 ದಿನ ಮಾತ್ರೆ ನುಂಗಿದಳು. ದಿನಾ ವಾಂತಿ. ಮನೇಲಿ ಹೇಳಿರಲಿಲ್ಲ, ಕೆಲಸ ಬಿಡಿಸ್ತಾರೆ ಅಂತ. ಪರೀಕ್ಷೆಗೆ ಹೋದಾಗೆಲ್ಲ ನಾನು ಜೊತೆಗೆ ಹೋಗ್ತಿದ್ದೆ. ಕೊನೇ ರಿಪೋರ್ಟಿನಲ್ಲಿ ಏನಿಲ್ಲ ಅಂತ ಬಂದಾಗ ಅವಳು ಅಳಲಿಲ್ಲ, ನಾನು ಅತ್ತೆ.

ಆ ಸೂಜಿ ಹಾಕಿದವರು ಕೆಟ್ಟವರಲ್ಲ. ರಾತ್ರಿ ಪಾಳಿ, ಒಬ್ಬರೇ ಇದ್ದರು. ಸೂಜಿ ಡಬ್ಬಿ ಕಾರಿಡಾರಿನ ಆ ಕೊನೇಲಿತ್ತು, ಈ ಚೀಲ ಹಾಸಿಗೆ ಪಕ್ಕದಲ್ಲಿತ್ತು. ಅಷ್ಟೇ.

ವಾರ್ಡ್_ಏಳು (ಮಧ್ಯಾಹ್ನ 1:48)

ಮುಂಜಾವು ಅವರೇ, ಇದನ್ನ ಎರಡು ಸಲ ಓದಿದೆ. "ಡಬ್ಬಿ ಕಾರಿಡಾರಿನ ಕೊನೇಲಿತ್ತು" ಅನ್ನೋ ಮಾತನ್ನ ಆಸ್ಪತ್ರೆ ಕಟ್ಟೋರೆಲ್ಲ ಓದಬೇಕು.

ನಾವು ನರ್ಸುಗಳು ತರಬೇತಿ ಇಲ್ಲದೆ ತಪ್ಪು ಮಾಡೋದಕ್ಕಿಂತ ಹೆಜ್ಜೆ ಜಾಸ್ತಿಯಾಗಿ ತಪ್ಪು ಮಾಡೋದೇ ಹೆಚ್ಚು. ಬಿಚ್ಚು ಸೂಜಿ ಕೈಯಲ್ಲಿದೆ, ಪಕ್ಕದ ಹಾಸಿಗೆಯವರು ಕರೀತಿದ್ದಾರೆ, ಡಬ್ಬಿ ಹತ್ತು ಹೆಜ್ಜೆ ದೂರ. ಆಗ ಒಂದೋ ಕ್ಯಾಪ್ ಮತ್ತೆ ಹಾಕ್ತೀವಿ, ನಮ್ಮ ಬೆರಳಿಗೆ ಚುಚ್ಚುತ್ತೆ. ಇಲ್ಲಾಂದ್ರೆ ಟ್ರೇನಲ್ಲಿ ಇಡ್ತೀವಿ, ಟ್ರೇ ಎತ್ತೋರಿಗೆ ಚುಚ್ಚುತ್ತೆ.

ನಮ್ಮ ವಾರ್ಡಿನಲ್ಲಿ ಬಂದ ಬದಲಾವಣೆ ಚಿಕ್ಕದು. ಇಂಜೆಕ್ಷನ್ ಟ್ರಾಲಿಗೇ ಡಬ್ಬಿ ಕಟ್ಟಿದೆವು. ಬಲಗೈ ಕಡೆ, ಸೊಂಟದ ಎತ್ತರಕ್ಕೆ. ಸೂಜಿ ಚರ್ಮದಿಂದ ಹೊರಗೆ ಬಂದಮೇಲೆ ಅದರ ಪ್ರಯಾಣ ಒಂದು ತೋಳಿನಷ್ಟು. ಸಿರಿಂಜಿನಿಂದ ಸೂಜಿ ಬಿಡಿಸೋ ಹಾಗಿಲ್ಲ, ಬಗ್ಗಿಸೋ ಹಾಗಿಲ್ಲ, ಇಡಿಯಾಗಿ ಒಳಗೆ. ಮುಕ್ಕಾಲು ಗೆರೆ ಮುಟ್ಟಿದರೆ ಡಬ್ಬಿ ಮುಚ್ಚೋದು, ಮುಚ್ಚಿದವರು ತಾರೀಕು ಬರೆಯೋದು. ಆಮೇಲೆ ಹತ್ತಿ ಚೀಲದಲ್ಲಿ ಸೂಜಿ ಕಾಣೋದು ಹೆಚ್ಚುಕಡಿಮೆ ನಿಂತೇ ಹೋಯ್ತು.

ದೊಡ್ಡ ಲೆಕ್ಕವೂ ಹೇಳ್ತೀನಿ. ಜಗತ್ತಿನಲ್ಲಿ ವರ್ಷಕ್ಕೆ ಸುಮಾರು 1,600 ಕೋಟಿ ಇಂಜೆಕ್ಷನ್ ಕೊಡ್ತಾರೆ. 2000ನೇ ಇಸವಿಯಲ್ಲಿ ಅಸುರಕ್ಷಿತ ಇಂಜೆಕ್ಷನ್ನಿನಿಂದಲೇ 2.1 ಕೋಟಿ ಜನಕ್ಕೆ ಹೆಪಟೈಟಿಸ್ ಬಿ ಬಂತು ಅಂತ ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. 2010ಕ್ಕೆ ಅದು 17 ಲಕ್ಷಕ್ಕೆ ಇಳಿಯಿತು. ಒಂದು ಸಲ ಒತ್ತಿದ ಮೇಲೆ ಮತ್ತೆ ಬಳಸೋಕೆ ಆಗದ ಹಾಗೆ ತಾನಾಗೇ ಸಿಕ್ಕಿಕೊಳ್ಳೋ ಸಿರಿಂಜು ಬಂತು. ಲಸಿಕೆಗೆ ಅದನ್ನೇ ಬಳಸಿ ಅಂತ 1999ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ, ಯುನಿಸೆಫ್ ಸೇರಿ ಕರೆ ಕೊಟ್ಟವು. ಮಾಡಿದರೆ ಆಗುತ್ತೆ, ಆಗಿದೆ.

ಸೂಕ್ಷ್ಮದರ್ಶಿ (ಮಧ್ಯಾಹ್ನ 2:30)

ಲ್ಯಾಬ್ ಕಡೆಯಿಂದ ಎರಡು ಮಾತು.

ಆಟೋಕ್ಲೇವ್ ಟೇಪಿನ ಮೇಲೆ ಕಪ್ಪು ಗೆರೆ ಬಂತು, ಕಸ ಶುದ್ಧವಾಯ್ತು ಅಂತ ಬರೆದಿಡೋದನ್ನ ನೋಡ್ತೀನಿ. ಆ ಗೆರೆ ಬಿಸಿ ತಗುಲಿತು ಅಂತಷ್ಟೇ ಹೇಳೋದು. ನಿಜವಾದ ಪರೀಕ್ಷೆಗೆ ಜಿಯೋಬ್ಯಾಸಿಲಸ್ ಸ್ಟಿಯರೋಥರ್ಮೋಫಿಲಸ್ ಅನ್ನೋ ಬ್ಯಾಕ್ಟೀರಿಯಾದ ಬೀಜಕಣ ಇರೋ ಸಣ್ಣ ಸೀಸೆ ಬಳಸ್ತೀವಿ. ಹಬೆಗೆ ಅಷ್ಟು ಸುಲಭವಾಗಿ ಸಾಯದ ಜೀವಿ ಅದು. ಅದನ್ನ ಕಸದ ಚೀಲದ ನಟ್ಟನಡುವೆ ಇಟ್ಟು ಯಂತ್ರ ಓಡಿಸಿ, ತೆಗೆದು, ಬೆಚ್ಚಗೆ ಇಟ್ಟು ಕಾಯಬೇಕು. ಸೀಸೆಯ ಬಣ್ಣ ಬದಲಾದರೆ ಅದು ಬದುಕಿದೆ, ಅಂದರೆ ಆ ದಿನದ ಕಸ ಪೂರಾ ಶುದ್ಧವಾಗಿಲ್ಲ. ನಮ್ಮಲ್ಲಿ ಒಂದು ಸಲ ಹಾಗಾಯ್ತು. ಬಾಗಿಲಿನ ರಬ್ಬರು ಸವೆದಿತ್ತು. ಮೀಟರಿನಲ್ಲಿ ಒಂದಿಷ್ಟೂ ಕಾಣಿಸಿರಲಿಲ್ಲ.

ರೋಗಾಣು ಬೆಳೆಸಿದ ಪ್ಲೇಟುಗಳನ್ನ ಲ್ಯಾಬಿನಿಂದ ಹೊರಗೆ ಕಳಿಸೋಕೆ ಮುಂಚೆ ಲ್ಯಾಬಿನಲ್ಲೇ ಆಟೋಕ್ಲೇವ್ ಮಾಡಬೇಕು. ಒಂದು ಹನಿ ರಕ್ತಕ್ಕೂ ಕೋಟಿಗಟ್ಟಲೆ ರೋಗಾಣು ಬೆಳೆಸಿರೋ ಪ್ಲೇಟಿಗೂ ಹೋಲಿಕೆಯೇ ಇಲ್ಲ.

ಇನ್ನು ಬ್ಲೀಚು. ಬ್ಲೀಚ್ ಸುರಿದರೆ ಎಲ್ಲ ಸರಿಹೋಗುತ್ತೆ ಅನ್ನೋ ನಂಬಿಕೆ ಬಲವಾಗಿದೆ. ರಕ್ತ, ಕೀವು ಇದ್ದಲ್ಲಿ ಕ್ಲೋರಿನ್ ಅದರ ಜೊತೆಗೇ ಖರ್ಚಾಗಿ ಹೋಗುತ್ತೆ, ರೋಗಾಣುವಿಗೆ ಉಳಿಯಲ್ಲ. ಬೆಳಿಗ್ಗೆ ಕಲಸಿಟ್ಟ ದ್ರಾವಣ ಹೊತ್ತು ಕಳೆದ ಹಾಗೆ ಶಕ್ತಿ ಕಳ್ಕೊಳ್ಳುತ್ತೆ. ಆಸಿಡ್ ಇರೋ ಕ್ಲೀನರ್ ಜೊತೆ ಸೇರಿದರೆ ಕ್ಲೋರಿನ್ ಅನಿಲ ಬಿಡುತ್ತೆ, ಉಸಿರು ಕಟ್ಟುತ್ತೆ. ಸುಡೋಕೆ ಹೋಗೋ ಕಸಕ್ಕೆ ಬ್ಲೀಚ್ ಹಾಕಿದರೆ ಚಿಮಣಿ ಅವರು ಹೇಳಿದ ಡಯಾಕ್ಸಿನ್‌ಗೆ ನಾವೇ ಕ್ಲೋರಿನ್ ತುಂಬಿಕೊಟ್ಟ ಹಾಗೆ.

ತುಂಬೆಹೂ (ಮಧ್ಯಾಹ್ನ 2:41)

ನಡುವೆ ಕೇಳ್ತಿದ್ದೀನಿ, ಕ್ಷಮಿಸಿ. ಮನೇಲಿ ಹಳೇ ಗಾಜಿನ ಥರ್ಮಾಮೀಟರ್ ಒಡೆದಿದೆ. ಪೊರಕೆ ತಗೊಳ್ಳಲಾ?

ಸೂಕ್ಷ್ಮದರ್ಶಿ (ಮಧ್ಯಾಹ್ನ 2:44)

ಪೊರಕೆ ಬೇಡ, ವ್ಯಾಕ್ಯೂಮ್ ಕ್ಲೀನರ್ ಅಂತೂ ಬೇಡವೇ ಬೇಡ. ಎರಡೂ ಪಾದರಸವನ್ನ ಇನ್ನೂ ಸಣ್ಣ ಹನಿ ಮಾಡಿ ಹರಡುತ್ತವೆ. ಮಕ್ಕಳನ್ನ ಆಚೆ ಕಳಿಸಿ, ಕಿಟಕಿ ತೆಗೀರಿ. ಮೈಮೇಲೆ ಚಿನ್ನ ಇದ್ದರೆ ಬಿಚ್ಚಿಡಿ, ಪಾದರಸ ಅದಕ್ಕೆ ಅಂಟುತ್ತೆ. ಗ್ಲೌಸ್ ಹಾಕ್ಕೊಂಡು ಗಟ್ಟಿ ಕಾಗದದ ಎರಡು ತುಂಡಿನಿಂದ ಹನಿಗಳನ್ನ ಒಟ್ಟಿಗೆ ದೂಡಿ, ಡ್ರಾಪರಿನಲ್ಲಿ ಎಳೆದು, ಬಿಗಿ ಮುಚ್ಚಳದ ಡಬ್ಬಿಗೆ ಹಾಕಿ. ಟಾರ್ಚನ್ನ ನೆಲಕ್ಕೆ ಅಡ್ಡ ಹಿಡಿದರೆ ಉಳಿದ ಹನಿ ಹೊಳೆಯುತ್ತೆ. ಸಿಂಕಿಗೆ ಸುರೀಬೇಡಿ. ಡಬ್ಬಿಯನ್ನ ಅಪಾಯಕಾರಿ ಕಸ ತಗೊಳ್ಳೋರಿಗೇ ಕೊಡಿ. ಪಾದರಸದ ಬಗ್ಗೆ ದೇಶಗಳು ಮಾಡ್ಕೊಂಡ 2013ರ ಮಿನಮಾಟಾ ಒಪ್ಪಂದದ ಪ್ರಕಾರ ಇಂಥ ಥರ್ಮಾಮೀಟರು, ಪಾದರಸದ ಬಿಪಿ ಯಂತ್ರಗಳ ತಯಾರಿಕೆಗೆ 2020 ಕೊನೇ ಗಡುವಾಗಿತ್ತು. ಮುಂದೆ ಡಿಜಿಟಲ್ ತಗೊಳ್ಳಿ.

ಹಳೆಮರ (ಮಧ್ಯಾಹ್ನ 3:20)

ಮೂವತ್ತು ವರ್ಷ ಚಿಕ್ಕ ಆರೋಗ್ಯ ಕೇಂದ್ರಗಳಲ್ಲಿ ಕೆಲಸ ಮಾಡಿ ನಿವೃತ್ತನಾದವನು. ನೀವೆಲ್ಲ ಹೇಳಿದ ಯಂತ್ರ, ಗಾಡಿ, ಘಟಕ ಯಾವುದೂ ತಲುಪದ ಜಾಗಗಳಿವೆ. ಕರೆಂಟು ಇರಲ್ಲ, ಮಳೆ ಬಂದರೆ ರಸ್ತೆ ಇರಲ್ಲ. ಅಂಥ ಕಡೆ ಸೂಜಿಯನ್ನ ಏನು ಮಾಡಬೇಕು?

ನಾವು ಮಾಡ್ತಿದ್ದದ್ದು ಗಟ್ಟಿ ಡ್ರಮ್ಮಿನಲ್ಲಿ ಮುಕ್ಕಾಲು ಭಾಗ ಸೂಜಿ ತುಂಬಿ, ಮೇಲೆ ಸಿಮೆಂಟು ಗಾರೆ ಸುರಿದು, ಗಟ್ಟಿಯಾದ ಮೇಲೆ ಹೂಳೋದು. ಹೆರಿಗೆಯ ಮಾಸಿಗೆ ಬೇರೆ ಗುಂಡಿ, ಗಟ್ಟಿ ಮುಚ್ಚಳ, ನಾಯಿ ಕೆದಕದ ಹಾಗೆ. ಗುಂಡಿಯ ತಳಕ್ಕೂ ಅಂತರ್ಜಲಕ್ಕೂ ನಡುವೆ ಕನಿಷ್ಠ ಒಂದೂವರೆಯಿಂದ ಎರಡು ಮೀಟರ್ ಮಣ್ಣು ಇರಬೇಕು. ಬೇಸಿಗೆಯಲ್ಲಿ ಅಳೆದು ಗುಂಡಿ ತೋಡಿ ಮಳೆಗಾಲದಲ್ಲಿ ನೀರು ಮೇಲೆ ಬಂದಾಗ ಪೇಚಿಗೆ ಸಿಕ್ಕವರನ್ನ ನೋಡಿದ್ದೀನಿ, ಅದಕ್ಕೇ ಹೇಳ್ತೀನಿ, ಭಾವಿಯ ನೀರು ಅತಿ ಮೇಲಿರೋ ತಿಂಗಳಲ್ಲಿ ಅಳೀರಿ.

ಇದು ಕೊನೆಯ ದಾರಿ, ಒಳ್ಳೆಯ ದಾರಿ ಅಂತ ನಾನು ಹೇಳಲ್ಲ. ಆದರೆ ಈ ದಾರಿಯೂ ಬೇರೆ ಮಾಡಿದ ಕಸಕ್ಕೆ ಮಾತ್ರ ಸಾಧ್ಯ. ಒಂದು ಕೇಂದ್ರದ ವರ್ಷದ ಸೂಜಿ ಎರಡು ಡ್ರಮ್ಮಿಗೆ ಹಿಡಿಸುತ್ತೆ. ಹತ್ತಿ, ಕಾಗದ, ಬಾಟಲಿ ಎಲ್ಲ ಸೇರಿಸಿದರೆ ಹೊಲವೇ ಸಾಲಲ್ಲ.

ಓದುಗ_ಮಾತ್ರ (ಸಂಜೆ 4:10)

ಬೆಳಿಗ್ಗೆ ನಾನು ಬರೆದಿದ್ದನ್ನ ವಾಪಸ್ ತಗೋತೀನಿ. ಸುಡೋದು ಕೊನೇ ಹೆಜ್ಜೆ, ನಾನು ಅದನ್ನೇ ಮೊದಲ ಹೆಜ್ಜೆ ಅಂದ್ಕೊಂಡಿದ್ದೆ.

ಆದರೂ ಒಂದು ಪ್ರಶ್ನೆ. ಬೇರೆ ಮಾಡೋದು ಸರಿ, ಕಸವೇ ಕಡಿಮೆ ಆಗೋ ದಾರಿ ಇದೆಯಾ? ವಿಶ್ವ ಆರೋಗ್ಯ ಸಂಸ್ಥೆಯ ಒಂದು ವರದಿ ಓದಿದೆ. ಕೊರೊನಾ ಬಂದಾಗ ವಿಶ್ವಸಂಸ್ಥೆಯ ಜಂಟಿ ವ್ಯವಸ್ಥೆಯೊಂದರ ಮೂಲಕವೇ 2020ರ ಮಾರ್ಚ್‌ನಿಂದ 2021ರ ನವೆಂಬರಿನವರೆಗೆ ಸುಮಾರು 87,000 ಟನ್ ರಕ್ಷಣಾ ಉಡುಪು, ಗ್ಲೌಸು, ಮಾಸ್ಕು ಖರೀದಿಯಾಗಿ ದೇಶಗಳಿಗೆ ಹೋಯಿತಂತೆ. 800 ಕೋಟಿ ಡೋಸ್ ಲಸಿಕೆಯಿಂದ ಸಿರಿಂಜು, ಸೂಜಿ, ಡಬ್ಬಿಗಳ ಕಸ 1,44,000 ಟನ್. ಅದೇ ವರದಿಯಲ್ಲಿ, ಶೇ 30 ಆರೋಗ್ಯ ಕೇಂದ್ರಗಳಿಗೆ ಕೊರೊನಾ ಇಲ್ಲದಾಗ ಬರ್ತಿದ್ದ ಕಸವನ್ನೇ ನಿಭಾಯಿಸೋ ವ್ಯವಸ್ಥೆ ಇರಲಿಲ್ಲ ಅಂತಿದೆ. ಇಷ್ಟೆಲ್ಲ ಬೇಕೇ ಬೇಕಿತ್ತಾ?

ವಾರ್ಡ್_ಏಳು (ಸಂಜೆ 4:52)

ಸಿರಿಂಜು, ಸೂಜಿ ಬೇಕಿತ್ತು. ಅದರಲ್ಲಿ ಉಳಿತಾಯ ಮಾಡೋಕೆ ಹೋಗಬೇಡಿ, ಸಿರಿಂಜ್ ಮರುಬಳಕೆ ಅಂದರೆ 2000ನೇ ಇಸವಿಯ ಲೆಕ್ಕಕ್ಕೆ ಹಿಂದಿರುಗಿದ ಹಾಗೆ. ಗ್ಲೌಸಿನ ವಿಷಯ ಬೇರೆ. ನಾವು ಗ್ಲೌಸನ್ನ ಅಭ್ಯಾಸಬಲದಿಂದ ಹಾಕ್ತೀವಿ. ಮಾತ್ರೆ ಕೊಡೋಕೆ, ಬಿಪಿ ನೋಡೋಕೆ, ಹಾಸಿಗೆ ತಳ್ಳೋಕೆ ಗ್ಲೌಸ್ ಬೇಕಾಗಿಲ್ಲ, ಕೈ ತೊಳೆದರೆ ಸಾಕು. ಗ್ಲೌಸ್ ಹಾಕಿದವರು ಕೈ ಚೊಕ್ಕ ಇದೆ ಅಂದ್ಕೊಂಡು ಅದೇ ಕೈಯಲ್ಲಿ ಮೂರು ರೋಗಿಗಳನ್ನ ಮುಟ್ಟೋದೂ ಉಂಟು.

ಲಂಡನ್ನಿನ ಗ್ರೇಟ್ ಆರ್ಮಂಡ್ ಸ್ಟ್ರೀಟ್ ಮಕ್ಕಳ ಆಸ್ಪತ್ರೆಯವರು 2018ರಲ್ಲಿ ಬೇಡದ ಕಡೆ ಗ್ಲೌಸ್ ಬಿಡಿ ಅಂತ ಸಿಬ್ಬಂದಿಗೆ ಕಲಿಸಿದರು. ಒಂದೇ ವರ್ಷದಲ್ಲಿ 21 ಟನ್ ಪ್ಲಾಸ್ಟಿಕ್ ಉಳಿಯಿತು. ಸಿಬ್ಬಂದಿಯ ಕೈ ಚರ್ಮದ ತೊಂದರೆಯೂ ಕಡಿಮೆಯಾಯ್ತು. ಬಟ್ಟೆಯ ಗೌನು, ಆಟೋಕ್ಲೇವ್ ಆಗೋ ಸ್ಟೀಲ್ ಟ್ರೇ ಇವನ್ನೆಲ್ಲ ನಾನು ಕೆಲಸಕ್ಕೆ ಸೇರಿದಾಗ ಬಳಸ್ತಿದ್ದೆವು. ಅದು ಮತ್ತೆ ಬರಲಿ ಅಂತ ನನಗೆ ಬಹಳ ಆಸೆ.

ಚಿಮಣಿ_ಕೆಳಗೆ (ಸಂಜೆ 5:30)

ಒಂದು ವಿಷಯ ಯಾರೂ ಎತ್ತಲಿಲ್ಲ, ಹೇಳದೆ ಇರೋಕೆ ಆಗ್ತಿಲ್ಲ. ಮುಚ್ಚಿದ ಆಸ್ಪತ್ರೆಗಳ ಹಳೇ ಯಂತ್ರಗಳು.

ಬ್ರೆಜಿಲ್‌ನ ಗೋಯಾನಿಯಾ, 1987ರ ಸೆಪ್ಟೆಂಬರ್. ಕ್ಯಾನ್ಸರಿಗೆ ವಿಕಿರಣ ಚಿಕಿತ್ಸೆ ಕೊಡೋ ಸಂಸ್ಥೆ ಬೇರೆ ಜಾಗಕ್ಕೆ ಹೋಗುವಾಗ ಒಂದು ಯಂತ್ರವನ್ನ ಹಳೇ ಕಟ್ಟಡದಲ್ಲೇ ಬಿಟ್ಟಿತ್ತು. ಕಬ್ಬಿಣ ಸಿಗುತ್ತೆ ಅಂತ ಇಬ್ಬರು ಅದನ್ನ ಬಿಚ್ಚಿ ಒಯ್ದರು, ಒಳಗಿನ ಕ್ಯಾಪ್ಸೂಲ್ ಒಡೆಯಿತು. ಗುಜರಿ ಅಂಗಡಿಯವರಿಗೆ ಅದರಲ್ಲಿ ಕತ್ತಲಲ್ಲಿ ನೀಲಿಯಾಗಿ ಹೊಳೆಯೋ ಪುಡಿ ಸಿಕ್ಕಿತು. ಚಂದ ಇದೆ ಅಂತ ನೆಂಟರಿಷ್ಟರಿಗೆ ಹಂಚಿದರು. ಅದು ಸೀಸಿಯಂ-137, ವಿಕಿರಣ ಸೂಸೋ ವಸ್ತು. ಆರು ವರ್ಷದ ಮಗು ಅದರ ಜೊತೆ ಆಡಿತು, ಅದೇ ಕೈಯಲ್ಲಿ ಊಟ ಮಾಡಿತು. ಆ ಮಗುವೂ ಸೇರಿ ನಾಲ್ಕು ಜನ ಸತ್ತರು. 1,12,000ಕ್ಕೂ ಹೆಚ್ಚು ಜನರನ್ನ ಪರೀಕ್ಷೆ ಮಾಡಿದರು, 249 ಜನರಲ್ಲಿ ವಿಕಿರಣ ವಸ್ತು ಸಿಕ್ಕಿತು.

ಅಲ್ಲಿ ಮೊದಲು ಕೈ ಇಟ್ಟವರು ಯಾರು ನೋಡಿ. ಗುಜರಿ ಆಯೋರು. ನೀಲಿಕೊಡೆಯವರು ಬೆಳಿಗ್ಗೆ ಬರೆದ ಅಕ್ಕನ ಹಾಗೇ, ಬೇರೆಯವರು ಬಿಸಾಡಿದ್ದನ್ನ ಬಿಚ್ಚಿ ಬದುಕೋರು. ಪುಡಿ ಏನು ಅಂತ ಅವರಿಗೆ ಹೇಳೋರು ಇರಲಿಲ್ಲ.

ನೀಲಿಕೊಡೆ (ರಾತ್ರಿ 8:25)

ಈಗ ಮನೆಗೆ ಬಂದೆ. ಎಲ್ಲವನ್ನೂ ಓದಿದೆ.

ಅಕ್ಕ ಮೂರು ಬೀದಿ ಆಚೆ ಸಿಕ್ಕಿದರು. ಮೊದಲು ಬರಲ್ಲ ಅಂದ್ರು, ಅರ್ಧ ದಿನದ ಕೂಲಿ ಹೋಗುತ್ತೆ ಅಂತ. ಅದು ನನ್ನ ಜವಾಬ್ದಾರಿ ಅಂದೆ. ಡಾಕ್ಟರು ಇಬ್ಬರ ಹತ್ತಿರವೂ ಎಲ್ಲ ಕೇಳಿ ತಿಳಿದುಕೊಂಡರು. ಅಕ್ಕನಿಗೆ ಹೆಪಟೈಟಿಸ್ ಬಿ ಲಸಿಕೆ ಒಂದೂ ಆಗಿರಲಿಲ್ಲ. ಇಷ್ಟು ವರ್ಷ ಕಸದಲ್ಲಿ ಕೈಯಾಡಿಸಿದವರಿಗೆ ಒಂದೂ ಇಲ್ಲ! ಮೊದಲ ಡೋಸ್ ಇವತ್ತು ಆಯ್ತು, ಉಳಿದ ಡೋಸುಗಳ ತಾರೀಕು ನನ್ನ ಫೋನಿನಲ್ಲಿ ಹಾಕ್ಕೊಂಡಿದ್ದೀನಿ. ಅಮ್ಮನೇ ಮುಂದಾಗಿ ರಕ್ತ ಕೊಟ್ಟರು, ಮೂರಕ್ಕೂ ನೆಗೆಟಿವ್ ಬಂತು. ಚುಚ್ಚಿದ್ದು ನಮ್ಮ ಸೂಜಿಯೇ ಅನ್ನೋದು ನನಗೂ ಅವರಿಗೂ ಖಚಿತ ಇದ್ದಿದ್ದರಿಂದ ಎಚ್‌ಐವಿ ಮಾತ್ರೆ ಬೇಡ ಅಂದರು. ಆದರೂ ಅಕ್ಕನ ರಕ್ತ ಮುಂದೆ ಮತ್ತೆ ನೋಡ್ತಾರೆ.

ಬರುವಾಗ ಗುಳಿಗೆಡಬ್ಬಿ ಸರ್ ಹೇಳಿದ ಹಾಗೆ ದಪ್ಪ ಡಬ್ಬ ತೊಳೆದು ಒಣಗಿಸಿ, ಮೇಲೆ ದೊಡ್ಡಕ್ಷರದಲ್ಲಿ ಬರೆದು ಅಕ್ಕನಿಗೆ ತೋರಿಸಿದೆ. ಅವರು ಡಬ್ಬವನ್ನ ತಿರುಗಿಸಿ ಮುರುಗಿಸಿ ನೋಡಿ, "ಚೆನ್ನಾಗಿದೆ, ಆದರೆ ನನಗೆ ಓದೋಕೆ ಬರಲ್ವಲ್ಲಮ್ಮ" ಅಂದ್ರು.

ಇಷ್ಟು ಹೊತ್ತು ಇಲ್ಲಿ ಯಾರಿಗೂ ಹೊಳೆಯದ ಮಾತು. ಮುಚ್ಚಳಕ್ಕೆ ಕೆಂಪು ಬಣ್ಣ ಬಳಿ, ಪಕ್ಕದಲ್ಲಿ ಒಂದು ಸೂಜಿ ಬರಿ, ನಮ್ಮೋರೆಲ್ಲರಿಗೂ ಹೇಳ್ತೀನಿ ಅಂತ ಅವರೇ ಹೇಳಿಕೊಟ್ಟರು. ಅಮ್ಮನ ಹತ್ತಿರ ಹಳೇ ನೇಲ್ ಪಾಲಿಶ್ ಇತ್ತು, ಅದನ್ನೇ ಬಳಿದಿದ್ದೀವಿ. ಸೂಜಿ ಚಿತ್ರ ಅಮ್ಮ ಬರೆದರು. ಡಬ್ಬ ಈಗ ಅಮ್ಮನ ಮಂಚದ ಪಕ್ಕದ ಮೇಜಿನ ಮೇಲಿದೆ, ವಾರ್ಡ್ ಏಳು ಸಿಸ್ಟರ್ ಹೇಳಿದ ಹಾಗೆ ಕೈಗೆಟುಕೋ ದೂರದಲ್ಲಿ. ಮನೆಗೆ ಮಕ್ಕಳು ಬಂದ ದಿನ ಮಾತ್ರ ಬೀರುವಿಗೆ ಹೋಗುತ್ತೆ. ತುಂಬಿದ ಮೇಲೆ ಆರೋಗ್ಯ ಕೇಂದ್ರದವರು ತಗೋತೀವಿ ಅಂದಿದ್ದಾರೆ.

ಮುಂಜಾವು (ರಾತ್ರಿ 8:47)

ನಮ್ಮ ಚೀಲಗಳ ಮೇಲೂ ಬರೀ ಅಕ್ಷರ ಇದೆ ತಾಯಿ. ನಮ್ಮ ಹದಿನಾಲ್ಕು ಜನರಲ್ಲಿ ಐವರಿಗೆ ಓದೋಕೆ ಬರಲ್ಲ. ನಾಳೆ ಬೆಳಿಗ್ಗೆ ಪಾಳಿ ಶುರುವಾಗೋಕೆ ಮುಂಚೆ ಎಲ್ಲಾ ಡಬ್ಬಿಗೂ ಚಿತ್ರ ಅಂಟಿಸ್ತೀನಿ. ಅಮ್ಮ ಬರೆದಿದ್ದರ ಫೋಟೋ ಇದ್ದರೆ ಹಾಕಿ.